ಹಳೆ ಬೈಕಿಗೆ ಕೈ ಹಾಕುವ ಮುನ್ನ: ಟೂಲ್ಸ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನದು 1980ರ ದಶಕದ ಜಪಾನಿ ಬೈಕ್. ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ಆಸೆ. ನೂರಕ್ಕೂ ಹೆಚ್ಚು ಪೀಸಿನ ಟೂಲ್ ಸೆಟ್ ತೆಗೆದುಕೊಳ್ಳಲೇ?

ಉತ್ತರ: ದಯವಿಟ್ಟು ಬೇಡ. ಅದರಲ್ಲಿ ಮುಕ್ಕಾಲು ಪಾಲು ಪೆಟ್ಟಿಗೆಯಿಂದ ಹೊರಗೇ ಬರುವುದಿಲ್ಲ. ನಿಮ್ಮ ಬೈಕಿನ ಹೆಚ್ಚಿನ ಕೆಲಸ 8, 10, 12, 14, 17 ಮತ್ತು 19 ಮಿ.ಮೀ. ಸ್ಪ್ಯಾನರ್‌ಗಳಲ್ಲೇ ಆಗುತ್ತದೆ, ಆಕ್ಸಲ್ ನಟ್ಟಿಗೆ 22 ಅಥವಾ 24 ಬೇಕಾದೀತು. ಇಷ್ಟೇ ಅಳತೆಗಳನ್ನು, ಆದರೆ ಗಟ್ಟಿಮುಟ್ಟಾದವನ್ನು ಕೊಳ್ಳಿ. ಜೊತೆಗೆ ಸಾಕೆಟ್ ಕೂರಿಸಿ ತಿರುಗಿಸುವ ಹಿಡಿ, ಅಂದರೆ 3/8 ಇಂಚಿನ (ಸಾಕೆಟ್ ಕೂರುವ ಚೌಕದ ಅಳತೆ) ರ‍್ಯಾಚೆಟ್, ಮೇಲಿನ ಮಿ.ಮೀ. ಅಳತೆಗಳ ಸಾಕೆಟ್‌ಗಳು. ಸಾಕೆಟ್ ಆರು ಮೂಲೆಯದೇ ಆಗಿರಲಿ. ಹನ್ನೆರಡು ಮೂಲೆಯದು ಬೋಲ್ಟಿನ ಅಂಚಿನಲ್ಲೇ ಹಿಡಿಯುತ್ತದೆ. ತಲೆಗೆ ಮೊದಲೇ ತುಕ್ಕು ಹಿಡಿದಿದ್ದರೆ ಅಂಚು ಸವೆದು ತಲೆ ಗುಂಡಗಾಗುತ್ತದೆ. ಅಡ್ಜಸ್ಟಬಲ್ ಸ್ಪ್ಯಾನರ್ ಬೈಕಿನ ಹತ್ತಿರ ತರಲೇಬೇಡಿ.

ಪ್ರಶ್ನೆ: ಎಂಜಿನ್ ಕವರಿನ ಸ್ಟಾರ್ ಸ್ಕ್ರೂ ಎರಡರ ತಲೆ ಆಗಲೇ ಕಿತ್ತುಹೋಗಿದೆ. ಸ್ಕ್ರೂಡ್ರೈವರ್ ಹೊಸದೇ. ತಪ್ಪಾದದ್ದೆಲ್ಲಿ?

ಉತ್ತರ: ಹಳೆ ಜಪಾನಿ ಬೈಕ್ ಇಟ್ಟುಕೊಂಡವರಿಗೆ ಅತಿ ಹೆಚ್ಚು ನಷ್ಟ ಆಗುವುದು ಇಲ್ಲೇ. ಅವು ಫಿಲಿಪ್ಸ್ (ಮಾಮೂಲಿ ಸ್ಟಾರ್) ಸ್ಕ್ರೂಗಳಲ್ಲ, ಜೆಐಎಸ್ ಅಂದರೆ ಜಪಾನಿ ಮಾನದಂಡದವು. ನೋಡಲು ಒಂದೇ ಥರ. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ ಪುಟ್ಟ ಚುಕ್ಕೆಯ ಗುರುತು ಇರುತ್ತದೆ. ಫಿಲಿಪ್ಸ್ ಡ್ರೈವರ್ ಈ ತೂತಿನ ತಳದವರೆಗೆ ಕೂರುವುದಿಲ್ಲ. ಜೋರು ಕೊಟ್ಟ ಕೂಡಲೇ ಮೇಲಕ್ಕೆ ಜಾರಿ, ಹೊರಬರುವಾಗ ಅಂಚನ್ನೂ ಕೆತ್ತಿಕೊಂಡು ಬರುತ್ತದೆ. ಜೆಐಎಸ್ 2 ಮತ್ತು 3ನೇ ನಂಬರಿನ ಡ್ರೈವರ್ ಕೊಳ್ಳಿ. ಕವರ್ ಸ್ಕ್ರೂಗಳಿಗೆ ಸಾಮಾನ್ಯವಾಗಿ 3ನೆಯದು ಬೇಕು, 2ನೆಯದು ಅದರಲ್ಲಿ ಆಡುತ್ತದೆ.

ಬಿಗಿದುಕೊಂಡಿರುವವಕ್ಕೆ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಮೊದಲು ತೂತಿನ ಕೆಸರನ್ನು ಸೂಜಿಯಿಂದ ಕೆರೆದು ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಎಣ್ಣೆ ಒರೆಸಿ, ಸ್ಕ್ರೂ ಸುತ್ತಲಿನ ಕವರನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ಪೆಟ್ರೋಲ್ ಸೋರಿಕೆ ಇದ್ದರೆ ಮಾತ್ರ ಬಿಸಿಯ ತಂಟೆಗೆ ಹೋಗಬೇಡಿ. ಆಮೇಲೆ ಡ್ರೈವರನ್ನು ಬಿಚ್ಚುವ ದಿಕ್ಕಿಗೆ ತಿರುವಿ ಹಿಡಿದು ನೆಟ್ಟಗೆ ಒಂದು ಗಟ್ಟಿ ಪೆಟ್ಟು. ಹತ್ತು ಸಣ್ಣ ಪೆಟ್ಟಿಗಿಂತ ಅದೇ ಮೇಲು.

ಪ್ರಶ್ನೆ: ಟಾರ್ಕ್ ರೆಂಚ್ ಬೇಕೇಬೇಕೇ?

ಉತ್ತರ: ಬೇಕಾದಷ್ಟು ಬಿಗಿಯಾದಾಗ ‘ಕ್ಲಿಕ್’ ಎನ್ನುವ ಈ ರೆಂಚ್ ಅಲ್ಯೂಮಿನಿಯಂ ಎಂಜಿನ್ನಿಗೆ ಬೇಕು. 10 ಮಿ.ಮೀ. ತಲೆಯ ಎಂ6 (6 ಮಿ.ಮೀ. ದಪ್ಪದ) ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ (ತಿರುಚುವ ಬಲದ ಅಳತೆ) ಆಸುಪಾಸು ಸಾಕು. ನಿಮ್ಮ ಮಾದರಿಯ ಮ್ಯಾನುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಅದನ್ನು ದಾಟಲು ಒಂದೇ ಕೈ ಸಾಕು, ಥ್ರೆಡ್ ಬೋಲ್ಟಿನ ಜೊತೆಗೇ ಕಿತ್ತು ಬರುತ್ತದೆ. ಆದರೆ ಜನ ಕೊಳ್ಳುವುದು 1/2 ಇಂಚಿನ ದೊಡ್ಡದನ್ನು. ಅದರ ಅಳತೆ ಶುರುವಾಗುವುದೇ 20 ಅಥವಾ 40ರಿಂದ, ಅದು ಆಕ್ಸಲ್ ನಟ್ಟಿಗೆ ಸರಿ. ಮೊದಲು 5ರಿಂದ 25ರವರೆಗಿನ 1/4 ಇಂಚಿನದು ತನ್ನಿ. ಒಮ್ಮೆ ‘ಕ್ಲಿಕ್’ ಅಂದರೆ ನಿಲ್ಲಿಸಿ, ಖಾತ್ರಿಗೆಂದು ಎರಡನೇ ಸಲ ಎಳೆಯಬೇಡಿ. ಬಿಚ್ಚುವುದಕ್ಕೆ ಬಳಸಬೇಡಿ. ಎತ್ತಿಡುವಾಗ ಅತಿ ಕಡಿಮೆ ಅಂಕಿಗೆ ತಿರುಗಿಸಿಡಿ, ಇಲ್ಲವಾದರೆ ಸ್ಪ್ರಿಂಗ್ ಸೋಲುತ್ತದೆ.

ಪ್ರಶ್ನೆ: 1950ರ ದಶಕದ ಬ್ರಿಟಿಷ್ ಬೈಕಿಗೂ ಇದೇ ಸೆಟ್ ಆದೀತೇ?

ಉತ್ತರ: ಆಗದು. ಅದಕ್ಕೆ ಬ್ರಿಟನ್ನಿನ ಹಳೆ ಇಂಚಿನ ಮಾನದಂಡದ ವಿಟ್‌ವರ್ತ್ ಸ್ಪ್ಯಾನರ್ ಬೇಕು. ಅದರ ಮೇಲಿನ 1/4 (ಇಂಚು) ಎಂಬ ಗುರುತು ಬೋಲ್ಟಿನ ದಪ್ಪ, ತಲೆಯ ಅಗಲವಲ್ಲ; ಅಗಲ ಸುಮಾರು 13.3 ಮಿ.ಮೀ. ಹಾಗಾಗಿ ಮೆಟ್ರಿಕ್ 13 ಒಳಗೆ ಹೋಗುವುದಿಲ್ಲ, 14 ಸಡಿಲ. ‘ಹೇಗೋ ಹಿಡಿಯುತ್ತದಲ್ಲ’ ಎಂದು 14 ಹಾಕಿದವರ ಗುರುತು ಹಳೆ ಬೈಕಿನ ನಟ್ಟುಗಳ ಮೇಲೆ ಈಗಲೂ ಕಾಣುತ್ತದೆ. ಹಿಂದಿನ ಮಾಲೀಕರು ಬೋಲ್ಟ್ ಬದಲಿಸಿರಲೂಬಹುದು, ಆದ್ದರಿಂದ ಸ್ಪ್ಯಾನರ್ ಕೊಳ್ಳುವ ಮೊದಲು ವರ್ನಿಯರ್ ಕ್ಯಾಲಿಪರಿನಿಂದ ತಲೆಗಳನ್ನು ಒಂದೊಂದಾಗಿ ಅಳೆದು ಬರೆದುಕೊಳ್ಳಿ.