ಎಲೆಕ್ಟ್ರಿಕ್ ಬೈಕಿನಲ್ಲಿ ದಿನಾ ಓಡಾಟ, ಕೂತರೆ ನೋವು. ಜೆಲ್ ಸೀಟ್ ಹಾಕಿಸಲಾ, ಗಾಳಿ ಕುಶನ್ ತಗೊಳ್ಳಲಾ?

ಉಪ್ಪಳದಿಂದ ಮಂಗಳೂರಿಗೆ ದಿನಾ ಹೋಗಿ ಬರುತ್ತೀರಿ, ಅರ್ಧ ದಾರಿಯಲ್ಲೇ ಕೂರಲು ಆಗುವುದಿಲ್ಲ, ಕಂಪನಿ ಸೀಟು ಕಲ್ಲಿನ ಹಾಗಿದೆ ಅಂತ ಬರೆದಿದ್ದೀರಿ. ಎರಡು ವರ್ಷದ ಹಿಂದೆ ನಾನೂ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಅದಕ್ಕೇ ಉತ್ತರ ಬರೆಯಲು ಕೂತೆ.

ನನ್ನ ಮನೆ ಪೆರ್ಲದ ಹತ್ತಿರ. ಕಾಸರಗೋಡು ಪೇಟೆಯ ಬದಿಯ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ, ಚೆರ್ಕಳ ದಾಟಿ ಹೋಗಬೇಕು. ಏರು, ಇಳಿತ, ತಿರುವು, ಮತ್ತೆ ಇಳಿತ. ಹನ್ನೊಂದು ವರ್ಷ ಪೆಟ್ರೋಲ್ ಬೈಕಿನಲ್ಲಿ ಓಡಾಡಿದ್ದೇನೆ, ಒಂದು ದಿನವೂ ನೋವು ಅಂದವನಲ್ಲ. ಎಲೆಕ್ಟ್ರಿಕ್ ತಗೊಂಡ ಎರಡನೇ ವಾರಕ್ಕೇ ಶುರುವಾಯಿತು. ಬೆಳಿಗ್ಗೆ ಹೋಗುವಾಗ ಪರವಾಗಿಲ್ಲ. ಸಂಜೆ ಬರುವಾಗ ಬದಿಯಡ್ಕ ತಲುಪುವಷ್ಟರಲ್ಲಿ ಎದ್ದು ನಿಲ್ಲೋಣ ಅನ್ನಿಸುತ್ತಿತ್ತು. ಇಡೀ ದಿನ ಪಾಠ ಮಾಡಿದ ಸುಸ್ತು ಅಂದುಕೊಂಡೆ. ಈ ಬೆಳಿಗ್ಗೆ–ಸಂಜೆ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸೀಟು ಗಟ್ಟಿ, ಮೆತ್ತನೆಯದು ಹಾಕಿಸಿದರೆ ಸರಿಯಾಗುತ್ತದೆ ಅಂತ ನನಗೆ ನಾನೇ ತೀರ್ಮಾನ ಮಾಡಿಕೊಂಡೆ. ಒಂದು ಅಂಗಡಿಗೆ ಹೋದೆ. ಅವರು ಮೇಜಿನ ಮೇಲೆ ನಾಲ್ಕು ಬಗೆಯ ಸ್ಪಂಜು ಇಟ್ಟು, "ಒತ್ತಿ ನೋಡಿ ಸಾರ್" ಅಂದರು. ನಾನು ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಯಾವುದು ಚೆನ್ನಾಗಿ ಒಳಗೆ ಹೋಯಿತೋ ಅದನ್ನೇ ಆರಿಸಿದೆ. ಅದರ ಮೇಲೆ ಒಂದು ಜೆಲ್ ಹಾಳೆ. ಕಂಪನಿ ಫೋಮನ್ನು ಕೊಯ್ದು ತೆಗೆದು ಇದನ್ನು ಕೂರಿಸಿದರು. 3,200 ರೂಪಾಯಿ ಆಯಿತು.

ಆ ಹೆಬ್ಬೆರಳೇ ನನ್ನ ತಪ್ಪು. ಸೀಟು ತಗೊಳ್ಳುವ ಹತ್ತರಲ್ಲಿ ಒಂಬತ್ತು ಜನ ಮಾಡುವುದು ಇದನ್ನೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೆಬ್ಬೆರಳಲ್ಲಿ ಒತ್ತಿದರೆ ಎರಡು ಮೂರು ಕಿಲೋ ಭಾರ ಬೀಳಬಹುದು. ನನ್ನ ತೂಕ 68 ಕಿಲೋ. ಬೈಕಿನ ಮೇಲೆ ನೆಟ್ಟಗೆ ಕೂತಾಗ ಅದರಲ್ಲಿ ಹೆಚ್ಚಿನ ಪಾಲು ಹೊರುವುದು ಎರಡೇ ಎಲುಬು. ಗಟ್ಟಿ ಬೆಂಚಿನ ಮೇಲೆ ಕೂತು ಕೈಯನ್ನು ಕೆಳಗೆ ತೂರಿಸಿದರೆ ಅವು ಸಿಗುತ್ತವೆ, ಎಡಕ್ಕೊಂದು ಬಲಕ್ಕೊಂದು. ಬೆರಳಿಗೇ ಸೋಲುವ ಸ್ಪಂಜು ಅಷ್ಟು ಭಾರ ಬಿದ್ದಾಗ ಪೂರ್ತಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಮೇಲೆ ಅದು ಸ್ಪಂಜೇ ಅಲ್ಲ. ಕೆಳಗಿನ ಪ್ಲಾಸ್ಟಿಕ್ ಪ್ಲೇಟಿಗೂ ಎಲುಬಿಗೂ ನಡುವೆ ಏನೂ ಉಳಿಯುವುದಿಲ್ಲ. ರಸ್ತೆಯ ಗುಂಡಿಯ ಪೆಟ್ಟು ನೇರ ಎಲುಬಿಗೆ. ಗಟ್ಟಿ ಫೋಮಿಗೆ ಹಾಗಾಗುವುದಿಲ್ಲ. ನೀವು ಕೂತ ಮೇಲೂ ಅದರಲ್ಲಿ ಇನ್ನೂ ತಗ್ಗುವ ಜಾಗ ಇರುತ್ತದೆ, ಗುಂಡಿ ಬಂದಾಗ ಆ ಜಾಗ ಕೆಲಸಕ್ಕೆ ಬರುತ್ತದೆ.

ಅಷ್ಟೇ ಅಲ್ಲ. ಎಲುಬಿನ ಕೆಳಗೆ ತಗ್ಗಿದ ಮೆತ್ತನೆ ಸ್ಪಂಜು ನಡುವೆ ಉಬ್ಬಿ ಮೇಲೆ ಬರುತ್ತದೆ. ನರ, ರಕ್ತನಾಳ ಇರುವ ಮೆದು ಜಾಗವನ್ನು ಒತ್ತುತ್ತದೆ. ಆಗ ನೋವು ಕಡಿಮೆಯಾದ ಹಾಗೆ ಅನ್ನಿಸುತ್ತದೆ, ಆದರೆ ಜೋಮು ಶುರುವಾಗುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಕೂತು ನೋಡಿದರೆ ಇದು ಯಾವುದೂ ಗೊತ್ತಾಗುವುದಿಲ್ಲ. ಇಪ್ಪತ್ತು ನಿಮಿಷವಾದರೂ ಓಡಿಸಬೇಕು.

ಮೊದಲ ವಾರ ನನಗೆ ಸ್ವರ್ಗ. ಸ್ಟಾಫ್ ರೂಮಿನವರೆಲ್ಲ ಬಂದು ಒತ್ತಿ ನೋಡಿ ಹೋದರು, ಅವರೂ ಹೆಬ್ಬೆರಳಲ್ಲೇ. ಮೂರನೇ ವಾರ ನೋವು ವಾಪಸ್ ಬಂತು. ಎರಡು ತಿಂಗಳಾಗುವಾಗ ಸೀಟಿನ ನಡುವೆ ಕುಳಿ ಬಿದ್ದಿತ್ತು. ಒಂದು ಸಂಜೆ ಬದಿಯಡ್ಕ ಪೇಟೆಯಲ್ಲಿ ಬಸ್ಸಿಗೆ ದಾರಿ ಬಿಡಲು ನಿಲ್ಲಿಸಿದೆ. ಎಡಗಾಲು ನೆಲಕ್ಕೆ ಇಟ್ಟೆ. ಇಟ್ಟದ್ದು ಗೊತ್ತೇ ಆಗಲಿಲ್ಲ, ಅಷ್ಟು ಜೋಮು ಹಿಡಿದಿತ್ತು. ಬೈಕ್ ವಾಲತೊಡಗಿತು. ಹಿಂದೆ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ಹ್ಯಾಂಡಲ್ ಹಿಡಿಯದಿದ್ದರೆ ಇಬ್ಬರೂ ಬಸ್ಸಿನ ಚಕ್ರದ ಕಡೆಗೆ ಬೀಳುತ್ತಿದ್ದೆವು. ಅವಳು ಮನೆ ಮುಟ್ಟುವವರೆಗೆ ಮಾತಾಡಲಿಲ್ಲ.

ಹಳೆ ಫೋಮ್ ಕೇಳೋಣ ಅಂತ ಅಂಗಡಿಗೆ ಹೋದರೆ, ಅದನ್ನು ಅವತ್ತೇ ಬಿಸಾಡಿದ್ದರು. ದಯವಿಟ್ಟು ಕಂಪನಿ ಸೀಟನ್ನು ಕೊಯ್ಯಲು ಕೊಡಬೇಡಿ. ಎರಡನೇ ಸೀಟು ಸಿಕ್ಕಿದರೆ ತಗೊಂಡು ಅದರ ಮೇಲೆ ಪ್ರಯೋಗ ಮಾಡಿ. ಸಿಗದಿದ್ದರೆ ಕೊಯ್ದ ಫೋಮನ್ನು ಕೇಳಿ ಮನೆಗೆ ತನ್ನಿ.

ಆಮೇಲೆ ಕಾಸರಗೋಡಿನ ಒಂದು ಹಳೆ ಕುಶನ್ ಅಂಗಡಿಗೆ ಹೋದೆ. ಅಲ್ಲಿನ ಕಾಕ ಸೀಟು ಬಿಚ್ಚಿ ನೋಡಿ, "ಮಾಷೇ, ಇದರಲ್ಲಿ ಸ್ಪಂಜು ಉಂಟು, ಸೀಟು ಇಲ್ಲ" ಅಂದರು. ಫೋಮ್ ಮಾತು ಆಮೇಲೆ, ಮೊದಲು ಎಲ್ಲಿ ಕೂರುತ್ತೀರಿ ನೋಡೋಣ ಅಂದರು. ಒಂದು ರಟ್ಟಿನ ಪೆಟ್ಟಿಗೆ ಹರಿದು ಮರದ ಸ್ಟೂಲ್ ಮೇಲೆ ಹಾಸಿ, ಕಾಲೆತ್ತಿ ಕೂರಿ ಅಂದರು. ಎದ್ದಾಗ ರಟ್ಟಿನಲ್ಲಿ ಎರಡು ತಗ್ಗು. ನಡುವೆ ನಾಲ್ಕೂವರೆ ಇಂಚು. ಆ ರಟ್ಟನ್ನು ಬೈಕಿನ ಸೀಟಿನ ಮೇಲಿಟ್ಟು ತೋರಿಸಿದರು. ಹಿಂದೆ, ಅಗಲ ಇರುವ ಕಡೆ, ಎರಡೂ ತಗ್ಗು ಸೀಟಿನ ಮೇಲೆ ಬರುತ್ತವೆ. ನಾಲ್ಕು ಬೆರಳು ಮುಂದೆ ಸರಿಸಿದರೆ ಎರಡೂ ಅಂಚಿಗೆ ಹೋಗುತ್ತವೆ. ನಾನು ಕೂತು ಕೂತು ಕುಳಿ ಬಿದ್ದದ್ದು ಆ ಮುಂದಿನ ಕಡೆಯಲ್ಲೇ.

ನಾನು ಯಾಕೆ ಮುಂದೆ ಜಾರುತ್ತಿದ್ದೆ? ಆಕ್ಸಿಲರೇಟರ್ ಬಿಟ್ಟ ಕೂಡಲೇ ನಮ್ಮ ಬೈಕಿನಲ್ಲಿ ಮೋಟಾರ್ ಜನರೇಟರ್ ಆಗಿ ಬ್ಯಾಟರಿಗೆ ಕರೆಂಟು ವಾಪಸ್ ಕಳಿಸುತ್ತದೆ, ಚಕ್ರವನ್ನು ಹಿಡಿದು ನಿಧಾನ ಮಾಡುತ್ತದೆ. ಅದೇ ರೀಜೆನ್. ಪ್ರತಿ ಸಲ ಅದು ಹಿಡಿದಾಗ ಮೈ ಒಂದು ಚೂರು ಮುಂದೆ ಹೋಗುತ್ತದೆ. ಸೀಟು ಮುಂದಕ್ಕೆ ಇಳಿಜಾರಾಗಿದ್ದು, ರಸ್ತೆಯೂ ಇಳಿಜಾರಾಗಿದ್ದರೆ ಕೇಳಬೇಕಾ? ಬೆಳಿಗ್ಗೆ ಮನೆಯಿಂದ ಹೊರಡುವಾಗ ಬ್ಯಾಟರಿ ತುಂಬಿರುತ್ತದೆ, ಹೊಸ ಕರೆಂಟಿಗೆ ಜಾಗ ಇರುವುದಿಲ್ಲ, ನನ್ನ ಬೈಕಿನಲ್ಲಿ ಆಗ ರೀಜೆನ್ ಅಷ್ಟಾಗಿ ಹಿಡಿಯುವುದಿಲ್ಲ. ಸಂಜೆ ಬ್ಯಾಟರಿ ಅರ್ಧ ಖಾಲಿ, ಗಟ್ಟಿಯಾಗಿ ಹಿಡಿಯುತ್ತದೆ. ಸಂಜೆಯೇ ನೋವು ಬರುತ್ತಿದ್ದದ್ದು ಸುಸ್ತಿಗೆ ಅಲ್ಲ.

ಇನ್ನೊಂದು, ಗೇರ್ ಇಲ್ಲ, ಕ್ಲಚ್ ಇಲ್ಲ. ಪೆಟ್ರೋಲ್ ಬೈಕಿನಲ್ಲಿ ಗೇರ್ ಬದಲಿಸುವಾಗಲೆಲ್ಲ ಗೊತ್ತಿಲ್ಲದೆ ಕಾಲು, ಸೊಂಟ ಅಲುಗುತ್ತಿತ್ತು, ಕೂತ ಜಾಗಕ್ಕೆ ರಕ್ತ ಓಡುತ್ತಿತ್ತು. ಇಲ್ಲಿ ಗೊಂಬೆಯ ಹಾಗೆ ಕೂತಿರುತ್ತೇವೆ. ಹತ್ತು ನಿಮಿಷಕ್ಕೊಮ್ಮೆ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸ್ವಲ್ಪ ಎದ್ದು, ಹಿಂದೆ ಸರಿದು ಕೂರಿ. ನಾನು ಈಗಲೂ ಮಾಡುತ್ತೇನೆ.

ಕಾಕ ಮಾಡಿಕೊಟ್ಟದ್ದು ಇಷ್ಟು. ಮುಂದಿನ ಭಾಗಕ್ಕೆ ಮುಕ್ಕಾಲು ಇಂಚು ರೀಬಾಂಡೆಡ್ ಫೋಮ್ ಕೊಟ್ಟು ಇಳಿಜಾರು ತೆಗೆದರು. ಚೂರು ಫೋಮನ್ನು ಅಂಟು ಹಾಕಿ ಒತ್ತಿ ಮಾಡಿದ ಗಟ್ಟಿ ಫೋಮ್ ಅದು. ಮೇಲೆ ಅರ್ಧ ಇಂಚು ಮಾತ್ರ ಮೆತ್ತಗಿನದು. ಕೂರುವ ಜಾಗದಲ್ಲಿ ಹೊಲಿಗೆ ಬರದ ಹಾಗೆ ರೆಕ್ಸಿನ್ ಕತ್ತರಿಸಿದರು, ಒಳಗೆ ಪ್ಲಾಸ್ಟಿಕ್ ಹಾಳೆ. ಹೊಲಿಗೆಯ ತೂತಿನಿಂದ ಜೂನ್ ತಿಂಗಳ ನೀರು ಒಳಗೆ ಹೋದರೆ ನಮ್ಮೂರಲ್ಲಿ ಆ ಫೋಮ್ ಒಣಗುವುದು ಚೌತಿಗೇ. ರೆಕ್ಸಿನ್ ನುಣುಪಾಗಿರಬಾರದು, ಜಾರುತ್ತದೆ. ಪಿನ್ ಹೊಡೆಯುವ ಮೊದಲು ಟೇಪ್ ಸುತ್ತಿ ಒಂದು ವಾರ ಓಡಿಸಿ ಬನ್ನಿ ಅಂದರು. ನಾಲ್ಕನೇ ದಿನ ವಾಪಸ್ ಹೋಗಿ ಎಡಬದಿ ಒಂದು ಚೂರು ತೆಗೆಸಿದೆ. 1,400 ರೂಪಾಯಿ. ಅದರ ಜೊತೆ ಬೈಕಿನ ಸೆಟ್ಟಿಂಗಿನಲ್ಲಿ ರೀಜೆನ್ ಕಡಿಮೆ ಮಾಡಿದೆ. ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಸ್ವಲ್ಪ ಕಡಿಮೆಯಾಗಿರಬಹುದು, ನನಗೆ ಬೇಸರವಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಜೆಲ್ ಬೇಡ. ಬಿಸಿಲಲ್ಲಿ ನಿಲ್ಲಿಸಿದರೆ ಕಾದು, ಬೇಗ ತಣಿಯುವುದಿಲ್ಲ. ಗಾಳಿ ಕುಶನ್ ನೇರ ಹೈವೇಯಲ್ಲಿ ನಿಮಗೆ ಆಗಬಹುದು, ಆದರೆ ಪೂರ್ತಿ ಊದಬೇಡಿ, ಎಲುಬು ತಳಕ್ಕೆ ತಾಗದಷ್ಟು ಸಾಕು. ನನ್ನ ರಸ್ತೆಯ ತಿರುವಿನಲ್ಲಿ ಅದು ಅತ್ತಿತ್ತ ಸರಿಯುತ್ತಿತ್ತು, ಎರಡೇ ದಿನಕ್ಕೆ ತೆಗೆದಿಟ್ಟೆ. ಅಂಗಡಿಯವರು 40 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ 40 ಕಿಲೋ ತೂಗುತ್ತದೆ ಅಂತ ಮಾತ್ರ ಅರ್ಥ. ಅದು ಗಟ್ಟಿಯೋ ಮೆತ್ತಗೋ ಅನ್ನುವುದು ಬೇರೆ ಲೆಕ್ಕ. ಡೆನ್ಸಿಟಿ ಕಡಿಮೆಯಾದರೆ ಬೇಗ ಕುಳಿ ಬೀಳುತ್ತದೆ, ಅಷ್ಟು ಖಂಡಿತ. ಎತ್ತರ ಒಂದು ಇಂಚಿಗಿಂತ ಜಾಸ್ತಿ ಏರಿಸಬೇಡಿ, ಕಾಲು ನೆಲಕ್ಕೆ ಎಟಕಬೇಕು. ಚಂದಕ್ಕೆ ಅಂತ ಹಿಂದಿನ ಹಿಡಿ ತೆಗೆಸಲೇಬೇಡಿ. ಹಿಂದೆ ಕೂರುವವರಿಗೆ ಹಿಡಿ, ಕಾಲಿಡುವ ಜಾಗ, ಬಟ್ಟೆ ಚಕ್ರಕ್ಕೆ ಸಿಕ್ಕದ ಹಾಗೆ ಗಾರ್ಡ್ ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಲ್ಲೇ ಇದೆ.

ಆದರೆ ಸೀಟಿಗೆ ಒಂದು ರೂಪಾಯಿ ಹಾಕುವ ಮೊದಲು ಟೈರಿನ ಗಾಳಿ ನೋಡಿಸಿ. ನಾವು ಪೆಟ್ರೋಲ್ ಬಂಕಿಗೆ ಹೋಗುವುದೇ ನಿಂತಿದೆ ಅಲ್ವಾ, ಗಾಳಿ ನೋಡುವುದೂ ಅದರ ಜೊತೆಗೇ ನಿಂತಿದೆ. ನನ್ನ ಹಿಂದಿನ ಟೈರಿನಲ್ಲಿ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಇತ್ತು, ಗುಂಡಿಯ ಪೆಟ್ಟು ಹಾಗೇ ಸೀಟಿಗೆ ಬರುತ್ತಿತ್ತು. ಹಿಂದಿನ ಶಾಕ್ ಅಬ್ಸಾರ್ಬರ್ ನಿಮ್ಮ ತೂಕಕ್ಕೆ ತಕ್ಕ ಹಾಗೆ ಸಡಿಲ ಮಾಡಲು ಬರುತ್ತದಾ ಅಂತ ಸರ್ವಿಸಿನವರನ್ನು ಕೇಳಿ. ಬೈಕಿನಿಂದ ಇಳಿದ ಮೇಲೂ ಜೋಮು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ, ತಡಮಾಡಬೇಡಿ.

ನಾಳೆ ಒಂದು ಕೆಲಸ ಮಾಡಿ. ಬೆಳಿಗ್ಗೆ ಹೊರಡುವಾಗ ನಿಮಗೂ ಮುಂದಿನ ಟ್ಯಾಂಕಿನಂಥ ಭಾಗಕ್ಕೂ ನಡುವೆ ಎಷ್ಟು ಬೆರಳು ಜಾಗ ಇದೆ ನೋಡಿಕೊಳ್ಳಿ. ಸಂಜೆ ವಾಪಸ್ ಬರುವಾಗ ತಲಪಾಡಿ ಟೋಲ್ ದಾಟಿ ಬದಿಗೆ ನಿಲ್ಲಿಸಿ, ಸರಿದು ಕೂರದೆ ಮತ್ತೆ ಅಳೆಯಿರಿ. ಎರಡೂ ಲೆಕ್ಕ ಇಲ್ಲಿ ಬರೆಯಿರಿ, ನೋವು ಎಲುಬಿನಲ್ಲೋ, ಬೆನ್ನಿನ ತುದಿಯಲ್ಲೋ, ಮುಂದೆಯೋ ಅಂತಲೂ ತಿಳಿಸಿ. ಎಲ್ಲಿ ಎಷ್ಟು ಫೋಮ್ ಬೇಕು ಅಂತ ಆಮೇಲೆ ಹೇಳುತ್ತೇನೆ.