ಆಫ್ತಲ್ಮಾಲಜಿ: ಎಲ್ಲಿ ಬಿಡಿಸಿ ಓದಬೇಕು?

ಮಂಡ್ಯದಲ್ಲಿ ನರ್ಸಿಂಗ್ ಓದುತ್ತಿದ್ದೀರಿ, ಆಫ್ತಲ್ಮಾಲಜಿ (ಕಣ್ಣಿನ ವೈದ್ಯಶಾಸ್ತ್ರ) ಅನ್ನುವಾಗ ನಾಲಿಗೆ ತೊಡರುತ್ತದೆ, ಇದನ್ನು ಎಲ್ಲಿ ಬಿಡಿಸಬೇಕು ಅಂತ ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಪ್ಯಾರಾಮೆಡಿಕಲ್ ಹುಡುಗರಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಈ ಪದ ಬಂದರೆ ನಮ್ಮ ಕ್ಲಾಸೂ ನಿಂತುಬಿಡುತ್ತದೆ.

ಮೊದಲು ಉತ್ತರ: ಆಫ್–ತಲ್–ಮಾ–ಲ–ಜಿ. ಐದು ತುಂಡು. ಒತ್ತಿ ಹೇಳಬೇಕಾದ್ದು 'ಮಾ'.

ತೊಂದರೆ ಶುರುವಾಗೋದು ಕನ್ನಡದಲ್ಲಿ ಬರೆದುಕೊಂಡಾಗ. ಫ ಕೆಳಗೆ ತ ಒತ್ತು, ಲ ಕೆಳಗೆ ಮ ಒತ್ತು. ಕಣ್ಣಿಗೆ ಕಂಡ ಹಾಗೆ ಬಿಡಿಸಿದರೆ ಆ–ಫ್ತ–ಲ್ಮಾ–ಲ–ಜಿ ಆಗುತ್ತದೆ. 'ಫ್ತ' ಅಂತ ಶುರು ಮಾಡೋದು ಕಷ್ಟ ಅಲ್ವಾ? ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪು ಮಾಡಿಕೊಳ್ಳಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಬಾಯಿಪಾಠ ಮಾಡಿಸಿರುತ್ತಾರೆ. 'ಅಕ್ಕ' ಅನ್ನುವಾಗ ಅರ್ಧ ಕಕಾರ ಹಿಂದಿನ 'ಅ'ಗೆ ಅಂಟಿಕೊಂಡು ಅಕ್–ಕ ಆಗುತ್ತದೆ, ಅದಕ್ಕೇ ಅದು ಗುರು. ಇಲ್ಲೂ ಅದೇ ಲೆಕ್ಕ. ಫ್ ಹಿಂದಕ್ಕೆ, ತ ಮುಂದಕ್ಕೆ.

ಇಂಗ್ಲಿಷಿನಲ್ಲಿ ಬರೆಯುವಾಗ ಜಾಸ್ತಿ ಜನ ಬಿಡೋದು ಮೊದಲನೇ 'ಎಚ್'. ಓ, ಪಿ, ಎಚ್, ಟಿ, ಎಚ್ ಅಂತ ಎರಡು ಎಚ್ ಬೇಕು. ಗ್ರೀಕಿನಲ್ಲಿ ಕಣ್ಣಿಗೆ ಆಫ್ತಲ್ಮೋಸ್. ಅಲ್ಲಿ ಫೈ, ಥೀಟಾ ಅಂತ ಎರಡು ಅಕ್ಷರ ಪಕ್ಕಪಕ್ಕ ಇವೆ, ಒಂದೊಂದಕ್ಕೂ ಒಂದೊಂದು ಎಚ್. ಹಳೇ ಗ್ರೀಕರ ಬಾಯಲ್ಲಿ ಅವು ನಮ್ಮ 'ಫಲ'ದ ಫ, 'ರಥ'ದ ಥ ಥರದ ಮಹಾಪ್ರಾಣಗಳೇ ಆಗಿದ್ದವು. 'ಆಪ್' ಅಂತ ಶುರು ಮಾಡುವ ಡಾಕ್ಟರುಗಳೂ ಇದ್ದಾರೆ. ಅದನ್ನೂ ಡಿಕ್ಷನರಿಗಳು ಒಪ್ಪುತ್ತವೆ, ಸುಮ್ನೆ ತಿದ್ದೋಕೆ ಹೋಗಬೇಡಿ. ಬರೆಯುವಾಗ ಮಾತ್ರ ಎಚ್ ಬಿಡಬಾರದು.

ಒತ್ತಿ ಹೇಳುವ ಜಾಗ ಎಲ್ಲಾ ಪದಗಳಲ್ಲೂ ಒಂದೇ ಇರುವುದಿಲ್ಲ. 'ಲಜಿ' ಅಂತ ಮುಗಿದರೆ ಅದರ ಹಿಂದಿನ ತುಂಡಿಗೆ ಒತ್ತು: ಬಯಾಲಜಿಯಲ್ಲಿ 'ಯಾ', ಕಾರ್ಡಿಯಾಲಜಿಯಲ್ಲೂ 'ಯಾ'. ಆದರೆ ಆಫ್ತಲ್ಮಿಕ್ (ಕಣ್ಣಿಗೆ ಸಂಬಂಧಿಸಿದ್ದು) ಅಂದಾಗ ಒತ್ತು 'ತಲ್' ಮೇಲೆ. ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವ ಆಫ್ತಲ್ಮೊಸ್ಕೋಪಿನಲ್ಲೂ 'ತಲ್'. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಈ ಮೂರೂ ಒಟ್ಟಿಗೆ ಬಂದರೆ ಗಲಿಬಿಲಿ ಆಗುತ್ತದೆ, ಮೂರನ್ನೂ ಜೊತೆಗೇ ಅಭ್ಯಾಸ ಮಾಡಿ.

ಬಾಯಿಗೆ ಕೂರಿಸಲು ಹಿಂದಿನಿಂದ ಬನ್ನಿ: ಲಜಿ, ಮಾಲಜಿ, ತಲ್ಮಾಲಜಿ, ಆಫ್ತಲ್ಮಾಲಜಿ. ಮುಂದಿನಿಂದ ಹೋದರೆ ಕೊನೆಗೆ ಉಸಿರು ಸಾಲದೆ 'ಮಾ' ನುಂಗಿಬಿಡುತ್ತೀರಿ. ಇದು ಬಂದಮೇಲೆ ಡಿಫ್ತೀರಿಯಾ ನೋಡಿ. ಅಲ್ಲೂ ಅದೇ ಫೈ, ಥೀಟಾ ಜೋಡಿ: ಡಿಫ್–ತೀ–ರಿ–ಯಾ, ಒತ್ತು 'ತೀ' ಮೇಲೆ. ಸ್ಪೆಲಿಂಗಿನಲ್ಲೂ ಎರಡು ಎಚ್.