ಮೇವು ಸಾಲದಿದ್ದಾಗ ಯಾವ ಕುರಿ ಮಾರಬೇಕು?

ಮಹಾರಾಷ್ಟ್ರದ ಜತ್ತ ತಾಲೂಕಿನವರೊಬ್ಬರು ಕೇಳಿದ್ದಾರೆ: 30 ಮಾಡಗ್ಯಾಳ ತಳಿಯ ಕುರಿ ಇವೆ, ಬೇಸಿಗೆಗೆ ಮೇವು ಸಾಲಲ್ಲ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಸಂತೆಗೆ ಹೊಡೆಯಲಿ?

ಮೊದಲು ಕೆಚ್ಚಲು ಮುಟ್ಟಿ ನೋಡಿ. ಮರಿ ಹಾಲು ಬಿಟ್ಟ ಮೇಲೆ ಎರಡೂ ಕಡೆ ಬೆರಳಿನಿಂದ ಒತ್ತಿ. ಒಳಗೆ ಕಲ್ಲಿನಂಥ ಗಂಟು ಸಿಕ್ಕರೆ ಕೆಚ್ಚಲು ಬಾವು ಬಂದು ಹೋಗಿದೆ ಅಂತ ಅರ್ಥ. ಆ ಕಡೆ ಮತ್ತೆ ಸರಿಯಾಗಿ ಹಾಲು ಇಳಿಯಲ್ಲ. ಅಂಥದೊಂದು ಕುರಿಯನ್ನು ಮೈಕಟ್ಟು ಚೆನ್ನಾಗಿದೆ ಅಂತ ನಾನು ಉಳಿಸಿಕೊಂಡೆ. ಮುಂದಿನ ಸಲ ಅದರ ಮರಿ ಹೊಟ್ಟೆಗಿಲ್ಲದೆ ಸತ್ತಿತು. ಇವತ್ತಿಗೂ ಬೇಜಾರಿದೆ.

ಆಮೇಲೆ ಬಾಯಿ ತೆರೆಸಿ. ಮುಂದಿನ ಎಂಟು ಹಲ್ಲು ಇರುವುದು ಕೆಳಗೆ ಮಾತ್ರ. ಸುಮಾರು ನಾಲ್ಕು ವರ್ಷಕ್ಕೆ ಎಂಟೂ ದೊಡ್ಡ ಹಲ್ಲು ಬಂದು ಬಾಯಿ ತುಂಬುತ್ತದೆ, ನಂತರ ಸವೆಯುತ್ತವೆ. ಹಲ್ಲು ಮುರಿದ ಕುರಿ ಒಣ ಹುಲ್ಲು ಕಚ್ಚಲಾರದು, ಬಡವಾಗುವ ಮೊದಲೇ ಮಾರಿ. ಎರಡು ಸಲ ಟಗರು ಬಿಟ್ಟರೂ ಗಬ್ಬ ನಿಲ್ಲದ್ದನ್ನೂ ಅಷ್ಟೇ.

ಟಗರಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ಮಾಡಗ್ಯಾಳದಲ್ಲಿ ಬಾಗಿದ ಮೂಗಿಗೇ ಜಾಸ್ತಿ ಬೆಲೆ, ನಿಜ. ಆದರೆ ಕೆಳಹಲ್ಲು ಮೇಲಿನ ಒಸಡಿಗೆ ಸರಿಯಾಗಿ ಕೂರದಿದ್ದರೆ ಮೂಗು ಎಷ್ಟು ಚೆಂದವಿದ್ದರೂ ಆ ಟಗರು ಬೇಡ, ಆ ದೋಷ ಮರಿಗೂ ಬರಬಹುದು. ಬೀಜ (ವೃಷಣ) ಎರಡೂ ಸಮ, ಗಟ್ಟಿ ಇರಲಿ. 30 ಕುರಿಗೆ ಒಂದು ಒಳ್ಳೆಯ ಟಗರು ಸಾಕು. ಅದರ ಹೆಣ್ಣುಮರಿಗಳು ಬೆದೆಗೆ ಬರುವ ಮೊದಲೇ ಅದನ್ನು ಬೇರೆ ಹಿಂಡಿನವರ ಜೊತೆ ಬದಲಿಸಿಕೊಳ್ಳಿ. ಹೆಣ್ಣು ಕುರಿ ಮಾರುವ ಮುನ್ನ ಗಬ್ಬ ಇದೆಯಾ ಅಂತ ಹೊಟ್ಟೆ ನೋಡಿಸಿ. ಗಬ್ಬ ಐದು ತಿಂಗಳದ್ದು, ನೋಡದೆ ಮಾರಿದರೆ ಸುಮ್ನೆ ಮರಿ ಸಮೇತ ಹೋಗಿಬಿಡುತ್ತದೆ.